ಕಲ್ಲಿನೊಳಗಿನ ನೀರು ತಂದ ಕುತ್ತು

ಬಾದಾಮಿಯ ಕೆಂಬಂಡೆಗಳ ನಡುವಿನ ಅಗಸ್ತ್ಯತೀರ್ಥದಲ್ಲಿ ನಿಲ್ಲುವುದು ಬೆಟ್ಟದಿಂದ ಇಳಿದ ಮಳೆನೀರು. ಬಾಗಲಕೋಟೆ, ಹುನಗುಂದ, ಇಳಕಲ್ ಸೀಮೆಯ ಹಳ್ಳಿಗಳೂ ಬಹುಕಾಲ ಇಂಥ ಕೆರೆ, ಹೊಳೆ, ತೆರೆದ ಬಾವಿಗಳನ್ನೇ ನಂಬಿದ್ದವು. ಆ ನೀರು ನಿರಪಾಯಕಾರಿಯೇನೂ ಆಗಿರಲಿಲ್ಲ. ಕಾಲರಾ ಅದರಿಂದ ಹರಡುತ್ತಿತ್ತು. ಮೆಟ್ಟಿಲು ಬಾವಿಗೆ ಇಳಿದ ರೋಗಿಯ ಕಾಲಿನಿಂದ ನಾರುಹುಣ್ಣಿನ ಮರಿಹುಳುಗಳು ನೀರಿಗೆ ಸೇರಿ, ಕುಡಿದವರ ಮೈ ಹೊಗುತ್ತಿದ್ದವು.

ಇದಕ್ಕೆ ಪರಿಹಾರವಾಗಿ ಬಂದದ್ದು ಕೊಳವೆ ಬಾವಿ. 1970ರ ದಶಕದ ಕೊನೆಯಿಂದ ‘ಇಂಡಿಯಾ ಮಾರ್ಕ್ 2’ ಕೈಪಂಪು ದೇಶದ ಹಳ್ಳಿಹಳ್ಳಿಗೆ ಹಬ್ಬಿತು. ಭಾರತದಲ್ಲಿ ನಾರುಹುಣ್ಣಿನ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ಆ ಗೆಲುವಿನಲ್ಲಿ ಕೊಳವೆ ಬಾವಿಗೂ ಪಾಲಿದೆ. ಆದರೆ ಒಂದು ಕುತ್ತು ತಪ್ಪಿಸಿದ ಬಾವಿಯೇ ಮತ್ತೊಂದನ್ನು ತಂದಿತು.

ಹುನಗುಂದ, ಇಳಕಲ್ ಭಾಗದ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಇಳಕಲ್ಲಿನ ನಸುಗೆಂಪು ಗ್ರಾನೈಟ್ ಹೊರದೇಶಗಳಲ್ಲೂ ಹೆಸರಾದದ್ದು. ಇಂಥ ಶಿಲೆಗಳಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿರುತ್ತದೆ. ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹ್ಯ. ಬಾಗಲಕೋಟೆ ಜಿಲ್ಲೆಯ ಹಲವೆಡೆ ಅಂತರ್ಜಲ ಈ ಮಿತಿ ದಾಟಿದೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ.

ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಬೆನ್ನು ಬಾಗಿ, ಕೀಲು ಬಿಗಿದ ರೈತರನ್ನು ಶಾರ್ಟ್, ಪಂಡಿತ್, ರಾಘವಾಚಾರಿ ಪರೀಕ್ಷಿಸಿ, ಕಾರಣ ಬಾವಿನೀರಿನ ಫ್ಲೋರೈಡ್ ಎಂದು ತೋರಿಸಿದರು. ಅದೇ ವರ್ಷ ಡೆನ್ಮಾರ್ಕಿನ ವೈದ್ಯ ರೋಹೋಲ್ಮ್, ಕ್ರಯೋಲೈಟ್ ಎಂಬ ಖನಿಜದ ಧೂಳು ಕುಡಿದ ಕಾರ್ಮಿಕರ ಮೂಳೆಗಳಲ್ಲೂ ಇದೇ ಕೇಡನ್ನು ಕಂಡು ಗ್ರಂಥ ಬರೆದರು.

ಮೂಳೆಯ ಕೇಡಿನ ಹಿಂದೆ ಜೀವಕೋಶದ ಕೇಡಿದೆ. ಜೀವಕೋಶಗಳು ಸಕ್ಕರೆಯನ್ನು ಹಂತಹಂತವಾಗಿ ಒಡೆದು ಶಕ್ತಿ ಪಡೆಯುತ್ತವೆ. ಅದರಲ್ಲೊಂದು ಹಂತವನ್ನು ನಡೆಸುವ ಎನೊಲೇಸ್ ಎಂಬ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು. ಫ್ಲೋರೈಡ್ ಅದಕ್ಕೇ ಅಂಟಿಕೊಂಡು ಕಿಣ್ವವನ್ನು ತಡೆಯುತ್ತದೆ. ಸಕ್ಕರೆ ಪರೀಕ್ಷೆಗೆ ರಕ್ತ ತೆಗೆಯುವ ನಳಿಕೆಯಲ್ಲಿ ಸೋಡಿಯಂ ಫ್ಲೋರೈಡ್ ಹಾಕಿರುವುದು ಇದಕ್ಕಾಗಿಯೇ. ಇಲ್ಲವಾದರೆ ರಕ್ತಕಣಗಳು ಆ ಸಕ್ಕರೆಯನ್ನು ತಿಂದು ಮುಗಿಸುತ್ತವೆ. ಕುಡಿಯುವ ನೀರಿನಿಂದ ದೇಹ ಸೇರುವ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ, ಆದರೆ ಅದು ದಿನವೂ ಸೇರುತ್ತದೆ. ಎಳೆಯ ಮಕ್ಕಳಲ್ಲಿ ಹಲ್ಲಿನ ಎನಾಮೆಲ್ ಕಟ್ಟುವ ಕೋಶಗಳ ಕೆಲಸ ಕೆಟ್ಟು, ಹಲ್ಲು ಸುಣ್ಣದಂತೆ ಬಿಳಿಚಿ, ಮುಂದೆ ಕಂದುಗಟ್ಟುತ್ತದೆ. ಮೂಳೆ ಕಟ್ಟುವ ಕೋಶಗಳು ಅಡ್ಡಾದಿಡ್ಡಿ ಮೂಳೆ ಬೆಳೆಸುತ್ತವೆ.

ಒಮ್ಮೆ ಕಲೆಯಾದ ಹಲ್ಲು, ಬಿಗಿದ ಬೆನ್ನು ಮೊದಲಿನಂತಾಗುವುದಿಲ್ಲ; ತಡೆಯುವುದೊಂದೇ ದಾರಿ. ಪಟಿಕ, ಸುಣ್ಣ ಬಳಸಿ ನೀರು ಶುದ್ಧಿಮಾಡುವ ‘ನಲಗೊಂಡ ವಿಧಾನ’ವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲೇ ರೂಪಿಸಿತು. ಹಾಲು, ಸೊಪ್ಪು, ರಾಗಿಯ ಸುಣ್ಣಾಂಶವೂ ದೇಹಕ್ಕೆ ರಕ್ಷಣೆ ಕೊಡುತ್ತದೆ. ಕೃಷ್ಣೆ, ಮಲಪ್ರಭೆ, ಘಟಪ್ರಭೆ ಹರಿಯುವ ಜಿಲ್ಲೆಗೆ ಹೊಳೆಯ ನೀರೂ ಇದೆ. ಅದನ್ನು ಶುದ್ಧಿಮಾಡಿ ಊರೂರಿಗೆ ಮುಟ್ಟಿಸಬೇಕು. ಅಲ್ಲಿಯವರೆಗೆ ತಿಳಿಯಾಗಿ ಕಾಣುವ ಬಾವಿನೀರನ್ನೂ ಪರೀಕ್ಷೆಗೆ ಕಳಿಸದೆ ನಂಬುವಂತಿಲ್ಲ.