ಗಜೇಂದ್ರಗಡದಲ್ಲಿ ಕಡಲ ಚೇಳು ಏಕೆ ಸಿಗುವುದಿಲ್ಲ

ರೋಣ, ನರಗುಂದ, ಗಜೇಂದ್ರಗಡದ ಕಡೆ ಶಾಸನಗಳಿಗಾಗಿ ಅಲೆಯುವಾಗ ನನಗೆ ಪದೇ ಪದೇ ಎದುರಾದ ಪ್ರಶ್ನೆ ಶಾಸನದ್ದಲ್ಲ. ‘ಇಲ್ಲಿ ಹಿಂದಕ ಸಮುದ್ರ ಇತ್ತಂತಲ್ರೀ ಸರ, ಹಂಗಾರ ಆ ದೊಡ್ಡ ಚೇಳು ಕಲ್ಲಾಗಿ ಸಿಗಬೇಕಲ್ಲ?’

ಮೊಬೈಲಿನಲ್ಲಿ ನೋಡಿದ ಯೂರಿಪ್ಟೆರಿಡ್ ಅದು. ಸುಮಾರು 39 ಕೋಟಿ ವರ್ಷ ಹಳೆಯ ಜರ್ಮನಿಯ ಬಂಡೆಯಲ್ಲಿ ಸಿಕ್ಕ ಅದರ ಇಕ್ಕಳವೊಂದೇ 46 ಸೆಂ.ಮೀ. ಉದ್ದವಿದೆ, ಇಡೀ ಪ್ರಾಣಿ ಎರಡೂವರೆ ಮೀಟರ್ ಇತ್ತೆಂದು ಅಂದಾಜು.

ಸಮುದ್ರವಿದ್ದದ್ದು ನಿಜ. ಕಲಾದಗಿ, ಲೋಕಾಪುರದ ಕಡೆಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳಿವೆ. ಅದರ ಮೇಲಿನ ಬಾದಾಮಿ ಸಾಲಿನ ಮರಳುಗಲ್ಲು ಬಹುಪಾಲು ಹೊಳೆಗಳು ತಂದು ಹಾಕಿದ್ದು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಸೀಮೆಯ ಭೂರಚನೆಯ ಬಗ್ಗೆ ಪ್ರಕಟಿಸಿದ ದೊಡ್ಡ ವರದಿಯಲ್ಲಿ ಈ ಬಂಡೆಗಳು ‘ಕಲಾದಗಿ’ ಎಂಬ ಹೆಸರಿನಲ್ಲೇ ಇವೆ. ಅವು ಪ್ರೊಟೆರೋಜೋಯಿಕ್ ಕಾಲದವು. ಆ ಕಾಲ ಸುಮಾರು 54 ಕೋಟಿ ವರ್ಷದ ಹಿಂದೆ ಮುಗಿಯಿತು. ಸಂಧಿಪದಿಗಳು ಕಡಲಲ್ಲಿ ಬೇಟೆಗಿಳಿದದ್ದು ಅದಾದ ಮೇಲೆ. ನಮ್ಮ ಕಡಲಲ್ಲಿ ಬೇಟೆಗಾರನೂ ಇರಲಿಲ್ಲ, ಬೇಟೆಯೂ ಇರಲಿಲ್ಲ.

ಕೇಳಿದವರ ಮುಖ ಸಣ್ಣಗಾಗುತ್ತದೆ. ನನಗೋ ಆ ಖಾಲಿ ಕಡಲೇ ಹೆಚ್ಚು ಕಾಡುತ್ತದೆ.

ತುಂಡು ಸಿಕ್ಕಲ್ಲೂ ಪಾಡು ಸುಲಭವಿರಲಿಲ್ಲ. ಕೆನಡಾದ ಬೆಟ್ಟದಲ್ಲಿ ಸಿಕ್ಕ ಒಂದು ಪಳೆಯುಳಿಕೆಯನ್ನು 1892ರಲ್ಲಿ ವೈಟೀವ್ಸ್ ತಲೆಯಿಲ್ಲದ ಸೀಗಡಿಯೆಂದು ಬಗೆದು ಅನೊಮಲೊಕ್ಯಾರಿಸ್ ಎಂದು ಕರೆದರು. 1911ರಲ್ಲಿ ವಾಲ್ಕಾಟ್ ದುಂಡನೆಯ ಇನ್ನೊಂದು ಗುರುತನ್ನು ಅಂಬಲಿ ಮೀನೆಂದರು, ಮತ್ತೊಂದನ್ನು ಕಡಲ ಸೌತೆಯೆಂದರು. ಮುಂದೆ ವಿಟಿಂಗ್ಟನ್ ಒಂದು ಬಂಡೆಯ ಪದರವನ್ನು ನಾಜೂಕಾಗಿ ಬಿಡಿಸುತ್ತ ಹೋದಾಗ ‘ಸೀಗಡಿ’ಯಂಥದ್ದು ಬೇಟೆ ಹಿಡಿಯುವ ತೋಳಾಗಿ, ‘ಅಂಬಲಿ ಮೀನು’ ಬಾಯಾಗಿ ಒಂದೇ ಮೈಗೆ ಅಂಟಿಕೊಂಡಿದ್ದವು! 1985ರಲ್ಲಿ ಅವರೂ ಬ್ರಿಗ್ಸ್ ಅವರೂ ಸೇರಿ ಇದನ್ನು ಪ್ರಕಟಿಸಿದರು.

ಶಾಸನ ಓದುವ ನಮಗೂ ಈ ಚಾಳಿ ಇದೆ. ಒಡೆದ ಕಲ್ಲಿನ ಅರ್ಧ ಸಾಲು ಸಿಕ್ಕರೆ ಒಬ್ಬ ಅರಸನನ್ನೇ ಕಟ್ಟಿ ನಿಲ್ಲಿಸುತ್ತೇವೆ. ಮುಂದಿನ ಸಾಲು ಸಿಕ್ಕಾಗ ಅವನು ದತ್ತಿ ಬಿಟ್ಟ ಗೌಡನಾಗಿರುತ್ತಾನೆ.

ಕೂಡಿಸಿದ್ದೂ ಹಾಗೇ ಉಳಿಯಲಿಲ್ಲ. 2012ರಲ್ಲಿ ಮತ್ತೆ ಪರೀಕ್ಷಿಸಿದವರು ಆ ದುಂಡು ಬಾಯಿ ಪೇಟೋಯಿಯ ಎಂಬ ಹತ್ತಿರದ ಸಂಬಂಧಿಯದೆಂದೂ ಅನೊಮಲೊಕ್ಯಾರಿಸ್‌ನ ಬಾಯಿ ಬೇರೆ ಬಗೆಯದೆಂದೂ ತೋರಿಸಿದರು. ಒಂದು ಮೀಟರ್ ಎನ್ನುತ್ತಿದ್ದ ಅದರ ಉದ್ದ ಈಚಿನ ಲೆಕ್ಕದಲ್ಲಿ 40 ಸೆಂ.ಮೀ. ಕೂಡ ಮುಟ್ಟುವುದಿಲ್ಲ.