ಮಸ್ಕರಾ: ಹಚ್ಚಿದರಷ್ಟೇ ಸಾಲದು, ತೆಗೆಯಲೂ ತಿಳಿದಿರಬೇಕು

ಶಿವಮೊಗ್ಗ: ಮದುವೆಯ ಹಂಗಾಮು ಬಂತೆಂದರೆ ನಗರದ ಗಾಂಧಿ ಬಜಾರ್, ದುರ್ಗಿಗುಡಿಯ ಫ್ಯಾನ್ಸಿ ಸ್ಟೋರ್‌ಗಳಲ್ಲಿ ಬಳೆ, ಬಿಂದಿಗಳ ಜೊತೆಗೆ ಮಸ್ಕರಾಕ್ಕೂ ಬೇಡಿಕೆ. ಒಂದು ಕಾಲಕ್ಕೆ ನಾಟಕ, ಸಿನಿಮಾ ನಟಿಯರ ಪೆಟ್ಟಿಗೆಗಷ್ಟೇ ಸೀಮಿತವಾಗಿದ್ದ ಈ ಕಪ್ಪು ಲೇಪ, ಭದ್ರಾವತಿಯಿಂದ ನಿತ್ಯ ಶಿವಮೊಗ್ಗಕ್ಕೆ ಓಡಾಡುವ ವಿದ್ಯಾರ್ಥಿನಿಯರ ಕೈಚೀಲವನ್ನೂ ಸೇರಿದೆ. ಆದರೆ ಬಣ್ಣ, ಬೆಲೆ ವಿಚಾರಿಸುವವರು ಅದನ್ನು ಎಷ್ಟು ದಿನ ಬಳಸಬಹುದು, ರಾತ್ರಿ ಹೇಗೆ ತೆಗೆಯಬೇಕು ಎಂದು ಕೇಳುವುದು ಅಪರೂಪ. ರೆಪ್ಪೆಗೂದಲು ಕೆಡುವುದು ಬಹುಪಾಲು ಇಲ್ಲಿಯೇ.

ಕಣ್ಣಿಗೆ ಕಪ್ಪು ಹಚ್ಚುವುದು ನಮ್ಮವರಿಗೆ ಹೊಸತಲ್ಲ. ಹರಳೆಣ್ಣೆ ದೀಪದ ಮಸಿಯನ್ನು ತಾಮ್ರದ ತಟ್ಟೆಯಲ್ಲಿ ಹಿಡಿದು, ತುಪ್ಪದಲ್ಲಿ ಕಲಸಿ ಭರಣಿಗೆ ತುಂಬಿಡುತ್ತಿದ್ದ ಅಜ್ಜಿಯರ ಕಾಡಿಗೆ ಕಣ್ಣಂಚಿಗೆ ಹಚ್ಚುವಂಥದು. ಮಸ್ಕರಾ ಕೂದಲಿಗೆ ಮಾತ್ರ ಮೀಸಲು. ಅದು ಕಣ್ಣೊಳಗೆ ಹೋಗಬಾರದು. ಮೇಣ, ನೀರು ಮತ್ತು ಕಬ್ಬಿಣದ ಆಕ್ಸೈಡಿನ ಕಪ್ಪುಪುಡಿ ಅದರ ಮುಖ್ಯ ಸಾಮಗ್ರಿ. ಉಕ್ಕಿನ ಊರಾದ ಭದ್ರಾವತಿಯವರಿಗೆ ಈ ಕಪ್ಪಿನ ಮೂಲವನ್ನು ಹೆಚ್ಚು ವಿವರಿಸಬೇಕಿಲ್ಲ!

ರೆಪ್ಪೆಗೂದಲು ಬರೀ ಅಲಂಕಾರವಲ್ಲ. ಅಮೆರಿಕದ ಜಾರ್ಜಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು 22 ಬಗೆಯ ಸಸ್ತನಿಗಳ ಕಣ್ಣುಗಳನ್ನು ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಣ್ಣಿನ ಅಗಲದ ಸುಮಾರು ಮೂರನೆಯ ಒಂದು ಭಾಗದಷ್ಟು ಉದ್ದದ ರೆಪ್ಪೆಗೂದಲು ಗಾಳಿಯನ್ನು ಪಕ್ಕಕ್ಕೆ ಸರಿಸಿ, ಕಣ್ಣಿನ ತೇವ ಆರುವುದನ್ನೂ ಧೂಳು ಬೀಳುವುದನ್ನೂ ಅರ್ಧದಷ್ಟು ತಗ್ಗಿಸಬಲ್ಲದು. ಅದಕ್ಕಿಂತ ಉದ್ದವಾದರೆ ಗಾಳಿ ಕಣ್ಣಿನ ಕಡೆಗೇ ಹರಿಯುತ್ತದೆ. ಭದ್ರಾವತಿ–ಶಿವಮೊಗ್ಗ ನಡುವಿನ ಸುಮಾರು 20 ಕಿ.ಮೀ. ದಾರಿಯನ್ನು ದ್ವಿಚಕ್ರ ವಾಹನದಲ್ಲಿ ಕ್ರಮಿಸುವವರು ಕೃತಕ ರೆಪ್ಪೆ ಅಂಟಿಸುವ ಮುನ್ನ ಇದನ್ನು ಯೋಚಿಸಬೇಕು. ದಿನಕ್ಕೆ ಒಂದೆರಡು ಕೂದಲು ಉದುರುವುದು ಸಹಜವಾದರೂ, ಕಿತ್ತುಹೋದ ಕೂದಲು ಮತ್ತೆ ಬೆಳೆಯಲು ಸಾಮಾನ್ಯವಾಗಿ ಎರಡು ತಿಂಗಳು ಹಿಡಿಯುತ್ತದೆ.

ಮಳೆಗಾಲದಲ್ಲಿ ವಾಟರ್‌ಪ್ರೂಫ್ ಮಸ್ಕರಾದ ಮೋಹ ಹೆಚ್ಚು. ಆದರೆ ನೀರಿಗೆ ಬಗ್ಗದ್ದು ಸೋಪಿಗೂ ಸುಲಭವಾಗಿ ಬಗ್ಗುವುದಿಲ್ಲ. ಉಜ್ಜಿ ತೆಗೆಯುವಾಗ ಕೂದಲು ಮುರಿಯುತ್ತದೆ, ಬೇರುಸಮೇತ ಬರುತ್ತದೆ. ಆದ್ದರಿಂದ ಮದುವೆ, ಸಮಾರಂಭಕ್ಕೆ ಅದು ಇರಲಿ, ನಿತ್ಯದ ಬಳಕೆಗೆ ನೀರಿನಲ್ಲಿ ತೊಳೆದುಹೋಗುವ ಬಗೆಯೇ ಲೇಸು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಲೆನ್ಸ್ ಹಾಕಿಕೊಂಡ ನಂತರ ಮಸ್ಕರಾ ಹಚ್ಚಬೇಕು, ಲೆನ್ಸ್ ತೆಗೆದ ನಂತರವೇ ಮಸ್ಕರಾ ತೆಗೆಯಬೇಕು.

ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡುವುದು ಅಗತ್ಯ. ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ ಮತ್ತು ಬಳಕೆಯ ಅವಧಿ ಅಲ್ಲಿರಬೇಕು. ಆಮದು ಮಾಲಾದರೆ ನೋಂದಣಿ ಸಂಖ್ಯೆ, ಆಮದುದಾರರ ಹೆಸರೂ ಬೇಕು. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್ ಬಳಸಿದ ಪ್ರಸಾಧನಗಳನ್ನು ತಯಾರಿಸುವಂತಿಲ್ಲ ಎಂಬ ಹಳೆಯ ನಿಷೇಧವನ್ನು 2020ರ ಪ್ರಸಾಧನ ನಿಯಮಗಳೂ ಉಳಿಸಿಕೊಂಡಿವೆ. ಹೆಸರು, ವಿಳಾಸಗಳಿಲ್ಲದ ಅಗ್ಗದ ಮಾಲಿನಲ್ಲಿ ಈ ನಿಯಮ ಪಾಲನೆಯಾಗಿದೆಯೇ ಎಂದು ತಿಳಿಯಲು ಗ್ರಾಹಕರಿಗೆ ದಾರಿಯೇ ಇಲ್ಲ.

ಮುಚ್ಚಳ ತೆರೆದ ದಿನದಿಂದ ಬೇರೆಯೇ ಲೆಕ್ಕ ಆರಂಭ. ಬ್ರಷ್ ಪ್ರತಿ ಬಾರಿ ರೆಪ್ಪೆಯ ಸೂಕ್ಷ್ಮಾಣುಗಳನ್ನು ಹೊತ್ತು ಮತ್ತೆ ಆ ಕತ್ತಲೆಯ, ತೇವದ ನಳಿಕೆಗೇ ಮರಳುತ್ತದೆ. ಅದಕ್ಕಾಗಿಯೇ ಮೂರು ತಿಂಗಳ ಬಳಿಕ ಅದನ್ನು ಎಸೆಯಬೇಕೆಂಬ ಸಲಹೆ. ತೆರೆದ ದಿನಾಂಕವನ್ನು ನಳಿಕೆಯ ಮೇಲೆ ಬರೆದಿಟ್ಟರೆ ಸಾಕು. ಒಣಗಿತೆಂದು ನೀರು, ಎಂಜಲು ಬೆರೆಸುವುದಂತೂ ಸಲ್ಲದು. ಬ್ರಷ್ಷನ್ನು ಪಂಪಿನಂತೆ ಒತ್ತಿ ಎಳೆಯುವ ಅಭ್ಯಾಸದಿಂದ ಗಾಳಿ ಒಳಸೇರಿ ಲೇಪ ಬೇಗ ಒಣಗುತ್ತದೆ.

ಹೆಚ್ಚಿನ ಅಪಾಯವಿರುವುದು ಮದುವೆ ಮನೆಯಲ್ಲಿ. ಮದುಮಗಳ ತಂಗಿ, ಅತ್ತಿಗೆ, ಚಿಕ್ಕಮ್ಮ ಎಲ್ಲರ ಕಣ್ಣಿಗೂ ಒಂದೇ ಬ್ರಷ್! 2023ರ ಜುಲೈ, ಆಗಸ್ಟ್‌ನಲ್ಲಿ ರಾಜ್ಯದಲ್ಲಿ ಕಣ್ಣುಬೇನೆ ಹರಡಿದ್ದು ಜನರಿಗೆ ನೆನಪಿರಬಹುದು. ಪಾರ್ಲರ್‌ನಲ್ಲಿ ಒಬ್ಬರಿಗೊಂದರಂತೆ ಬಳಸಿ ಎಸೆಯುವ ಬ್ರಷ್ ಕೇಳುವುದರಲ್ಲಿ ಸಂಕೋಚ ಬೇಡ. ಕಣ್ಣುಬೇನೆ ಅಥವಾ ಕಣ್ಣಿನ ಕುರು ಬಂದವರು ಆಗ ಬಳಸುತ್ತಿದ್ದ ಮಸ್ಕರಾವನ್ನು ಬಿಸಾಡಬೇಕು. ಚಲಿಸುವ ಬಸ್ಸಿನಲ್ಲಿ ಹಚ್ಚಿಕೊಳ್ಳುವುದೂ ತರವಲ್ಲ. ಒಂದು ಕುಲುಕಿಗೆ ಬ್ರಷ್ ಕಪ್ಪುಗುಡ್ಡೆಯನ್ನು ಗೀರಬಹುದು.

ಇನ್ನು ತೆಗೆಯುವ ವಿಚಾರ. 25 ವರ್ಷ ಮಸ್ಕರಾ ಹಚ್ಚಿ, ಅದನ್ನು ಸರಿಯಾಗಿ ತೆಗೆಯದೆ ಮಲಗುತ್ತಿದ್ದ ಆಸ್ಟ್ರೇಲಿಯಾದ ಮಹಿಳೆಯೊಬ್ಬರ ರೆಪ್ಪೆಯ ಒಳಭಾಗದಲ್ಲಿ ಕಪ್ಪು ಹರಳುಗಟ್ಟಿದ್ದನ್ನು ವೈದ್ಯರು 2018ರಲ್ಲಿ ವರದಿ ಮಾಡಿದ್ದರು. ಹತ್ತಿಯನ್ನು ರಿಮೂವರ್‌ನಲ್ಲಿ ಅದ್ದಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟರೆ ಲೇಪ ಕರಗುತ್ತದೆ. ನಂತರ ಮೇಲಿನಿಂದ ಕೆಳಕ್ಕೆ ಮೆಲ್ಲನೆ ಒರೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ರೆಪ್ಪೆಯಂಚನ್ನು ತೊಳೆಯಬೇಕು. ವಾಟರ್‌ಪ್ರೂಫ್ ಲೇಪಕ್ಕೆ ಎಣ್ಣೆಯುಕ್ತ ರಿಮೂವರ್ ಬೇಕಾಗುತ್ತದೆ.

ಹರಳೆಣ್ಣೆ ಸವರಿದರೆ ರೆಪ್ಪೆ ದಟ್ಟವಾಗುತ್ತದೆಂಬ ನಂಬಿಕೆಗೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಎಣ್ಣೆ ಕೂದಲಿಗೆ ಹೊಳಪು ಕೊಡುತ್ತದೆ, ಅಷ್ಟೇ. ಕೂದಲು ಬೆಳೆಸುವುದು ನಿಜವೆಂದು 2008ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಬೈಮ್ಯಾಟೊಪ್ರಾಸ್ಟ್, ಮೂಲತಃ ಗ್ಲಾಕೋಮಾ ರೋಗದ ಔಷಧ. ಕಣ್ಣು ಕೆಂಪಾಗುವುದು, ಪಾಪೆಯ ಸುತ್ತಲಿನ ಬಣ್ಣ ಶಾಶ್ವತವಾಗಿ ಕಪ್ಪಾಗುವುದು ಅದರ ಅಡ್ಡಪರಿಣಾಮಗಳಲ್ಲಿ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಮುಟ್ಟಬಾರದು.

ರೆಪ್ಪೆಯಂಚಿನಲ್ಲಿ ಹೊಟ್ಟಿನಂಥ ಪುಡಿ, ತುರಿಕೆ, ಒಂದೇ ಕಡೆ ಕೂದಲು ಗುಂಪಾಗಿ ಉದುರುವುದು ಕಂಡರೆ ಮಸ್ಕರಾ ನಿಲ್ಲಿಸಿ ನೇತ್ರತಜ್ಞರಿಗೆ ತೋರಿಸಬೇಕು. ನೋವು, ಬೆಳಕು ಸಹಿಸಲಾಗದ ಸ್ಥಿತಿ ಅಥವಾ ದೃಷ್ಟಿ ಮಂಜಾದರೆ ಮಾರನೆಯ ದಿನಕ್ಕೆ ಕಾಯದೆ ನಗರದ ಮೆಗ್ಗಾನ್ ಆಸ್ಪತ್ರೆಗೋ ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆಗೋ ತೆರಳುವುದು ಒಳಿತು. ಹೋಗುವಾಗ ಬಳಸುತ್ತಿದ್ದ ನಳಿಕೆಯನ್ನೂ ಜೊತೆಗೆ ಒಯ್ದರೆ ಕಾರಣ ಪತ್ತೆಹಚ್ಚಲು ವೈದ್ಯರಿಗೆ ನೆರವಾಗುತ್ತದೆ.