ಗೂಡಿನ ಮುಂದೆ ಕ್ಯಾಮೆರಾ: ಹಕ್ಕಿ ಫೋಟೋಗಳ ಹಳೇ ಕಥೆ

(1/7)
ಹೋದ ವಾರ ಹಿತ್ತಲಿನ ಪಿಕಳಾರದ ಫೋಟೋ ಹಾಕಿದ ಮೇಲೆ ಇನ್‌ಬಾಕ್ಸ್ ತುಂಬ ಒಂದೇ ಬೇಡಿಕೆ. "ಗೂಡು ಎಲ್ಲಿದೆ? ಮೊಟ್ಟೆ ಫೋಟೋ ಹಾಕು ಗುರು!" ಹಾಕಲ್ಲ. ಯಾಕೆ ಅನ್ನೋದಕ್ಕೆ ನೂರಮೂವತ್ತು ವರ್ಷದ ಇತಿಹಾಸ ಇದೆ. ಈ ಸಲದ ಕ್ಯಾಪ್ಷನ್ ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ಹಕ್ಕಿ ಫೋಟೋಗ್ರಫಿ ಅನ್ನೋ ಹವ್ಯಾಸ ಬೆಳೆದದ್ದೇ ಗೂಡಿನ ಮುಂದೆ. ಅದಕ್ಕೆ ಹಕ್ಕಿಗಳ ಮೇಲಿನ ಪ್ರೀತಿ ಎಷ್ಟು ಕಾರಣವೋ, ಕ್ಯಾಮೆರಾದ ಬಡತನವೂ ಅಷ್ಟೇ ಕಾರಣ.

(2/7)
1880–90ರ ಕಾಲದ ಕ್ಯಾಮೆರಾ ಅಂದ್ರೆ ಮರದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ತಲೆ ಮೇಲೆ ಹೊದೆಯೋ ಕಪ್ಪು ಬಟ್ಟೆ. ಫಿಲ್ಮ್ ರೋಲ್ ಬದಲು ಗಾಜಿನ ಪ್ಲೇಟು. ಒಂದು ಪ್ಲೇಟಿಗೆ ಒಂದೇ ಚಿತ್ರ. ದೂರದ್ದನ್ನು ಹತ್ತಿರ ತರುವ ಲೆನ್ಸ್ ಇಲ್ಲದ್ದರಿಂದ ಹಕ್ಕಿಯೇ ನಾಲ್ಕೈದು ಅಡಿ ಹತ್ತಿರಕ್ಕೆ ಬರಬೇಕು, ಬಂದು ಅಲುಗಾಡದೆ ಕೂರಬೇಕು.

1882ರಲ್ಲಿ ಫ್ರಾನ್ಸಿನ ಎತಿಯೆನ್-ಜೂಲ್ ಮರೇ ಅನ್ನೋ ವಿಜ್ಞಾನಿ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿ, ಹಾರುವ ಹಕ್ಕಿಯ ಚಿತ್ರಗಳನ್ನು ಸೆಕೆಂಡಿಗೆ 12ರಂತೆ ತೆಗೆದಿದ್ದರು, ನಿಜ. ಆದರೆ ಅವು ಪುಟಾಣಿ ಮಸಕು ಚಿತ್ರಗಳು. ಅವರಿಗೆ ಬೇಕಿದ್ದದ್ದು ರೆಕ್ಕೆ ಹೇಗೆ ಬಡಿಯುತ್ತೆ ಅನ್ನೋ ಲೆಕ್ಕ ಮಾತ್ರ.

ಮಿಕ್ಕವರಿಗೆ ಉಳಿದ ದಾರಿ ಒಂದೇ. ಹಕ್ಕಿ ಎಲ್ಲಿಗೆ ಹಾರಿಹೋದರೂ ಮತ್ತೆ ಮತ್ತೆ ವಾಪಸ್ ಬರೋ ಜಾಗ ಯಾವುದು? ಗೂಡು. ಮೊಟ್ಟೆ ಇದ್ದರೆ ಬಂದೇ ಬರುತ್ತೆ. ಮರಿ ಇದ್ದರೆ ಕೆಲವೇ ನಿಮಿಷಕ್ಕೊಮ್ಮೆ ಬರುತ್ತೆ.

(3/7)
ಈಗ ನನ್ನ ಫೇವರಿಟ್ ಅಣ್ಣತಮ್ಮಂದಿರು. ರಿಚರ್ಡ್ ಕೇರ್ಟನ್ (ಹುಟ್ಟು 1862) ಮತ್ತು ಚೆರ್ರಿ ಕೇರ್ಟನ್ (1871). ಇಂಗ್ಲೆಂಡಿನ ಯಾರ್ಕ್‌ಶೈರಿನ ಥ್ವೇಟ್ ಅನ್ನೋ ಸಣ್ಣ ಹಳ್ಳಿಯವರು. ಅಣ್ಣ ರಿಚರ್ಡ್ ಚಿಕ್ಕಂದಿನಲ್ಲಿ ಹಕ್ಕಿಗೂಡು ಹುಡುಕುತ್ತಾ ಮರದಿಂದ ಬಿದ್ದು, ಸೊಂಟಕ್ಕೆ ಪೆಟ್ಟಾಗಿ, ಜೀವನಪೂರ್ತಿ ಕುಂಟುತ್ತಲೇ ನಡೆದವರು. ಹಾಗಂತ ಗೂಡಿನ ಹುಚ್ಚು ಬಿಡಲಿಲ್ಲ! 1892ರ ಏಪ್ರಿಲ್‌ನಲ್ಲಿ ತಮ್ಮ ಚೆರ್ರಿ ಸಾಂಗ್ ಥ್ರಶ್ ಅನ್ನೋ ಹಕ್ಕಿಯ ಗೂಡನ್ನು ಮೊಟ್ಟೆ ಸಮೇತ ಫೋಟೋ ತೆಗೆದರು. ಆ ಬಗೆಯ ಮೊದಲ ಫೋಟೋ ಅಂತ ಇದನ್ನೇ ಹೇಳ್ತಾರೆ. ಮೂರೇ ವರ್ಷದಲ್ಲಿ, 1895ಕ್ಕೆ, ಅಣ್ಣ ಬರೆದು ತಮ್ಮ ಫೋಟೋ ತೆಗೆದ 'ಬ್ರಿಟಿಷ್ ಬರ್ಡ್ಸ್ ನೆಸ್ಟ್ಸ್' ಪುಸ್ತಕ ಬಂತು. ಕೈಯಲ್ಲಿ ಬರೆದ ಚಿತ್ರಗಳ ಬದಲು ಪೂರ್ತಿ ಫೋಟೋಗಳೇ.

ಹತ್ತಿರ ಹೋಗೋಕೆ ಇವರು ಮಾಡಿದ ಉಪಾಯಗಳನ್ನು ಕೇಳಿದರೆ ನಗು ಬರುತ್ತೆ. ಸುಳ್ಳು ಮರದ ಬೊಡ್ಡೆ, ಸುಳ್ಳು ಕುರಿ, ಎಲ್ಲಕ್ಕಿಂತ ಮೇಲೆ ಒಂದು ಸುಳ್ಳು ಎತ್ತು! ನಿಜವಾದ ಎತ್ತಿನ ಚರ್ಮವನ್ನು ಮರದ ಚೌಕಟ್ಟಿಗೆ ಹೊದಿಸಿ, ಒಳಗೆ ಮನುಷ್ಯ ಬಗ್ಗಿ ನಿಂತು, ತೂತಿನಿಂದ ಲೆನ್ಸ್ ತೂರಿಸಿ ಕಾಯೋದು. ನಮ್ಮ ಕೋಲೆ ಬಸವನ ಹೊಟ್ಟೆಯೊಳಗೆ ಕ್ಯಾಮೆರಾಮ್ಯಾನ್ ಕೂತಂಗೆ. ಒಂದು ಸಲ ಅದು ಉರುಳಿಬಿದ್ದು ನಾಲ್ಕೂ ಕಾಲು ಆಕಾಶಕ್ಕೆ ಎತ್ತಿದ ಫೋಟೋ ಕೂಡ ಇದೆ.

ಆದರೆ ಒಂದು ಮಾತು ಇಲ್ಲಿ ಹೇಳಲೇಬೇಕು, ಇಲ್ಲಾಂದ್ರೆ ಅವರಿಗೆ ಅನ್ಯಾಯ. ಆ ಕಾಲದ ಇಂಗ್ಲೆಂಡಿನಲ್ಲಿ ಹಕ್ಕಿಮೊಟ್ಟೆ ಕದ್ದು, ಒಳಗಿನದ್ದು ಊದಿ ತೆಗೆದು, ಪೆಟ್ಟಿಗೆಯಲ್ಲಿ ಜೋಡಿಸಿಡೋದು ಮರ್ಯಾದಸ್ಥರ ಹವ್ಯಾಸವಾಗಿತ್ತು. ಹಕ್ಕಿ ಬೇಕು ಅಂದ್ರೆ ಗುಂಡು ಹೊಡೆದು ಹುಲ್ಲು ತುಂಬಿಸೋದು. ಅಂಥ ಕಡೆ ಮೊಟ್ಟೆ ಮುಟ್ಟದೆ ಫೋಟೋ ಮಾತ್ರ ತಗೊಂಡು ಬರೋದು ದೊಡ್ಡ ಬದಲಾವಣೆ. ಗೂಡಿನ ಫೋಟೋ ಹುಟ್ಟಿದಾಗ ಅದು ಹಕ್ಕಿಯ ಪರವಾಗಿಯೇ ಇತ್ತು.

(4/7)
ಕೆಟ್ಟದ್ದು ನಿಧಾನಕ್ಕೆ ಸೇರಿಕೊಂಡಿತು. ಗೂಡು ಇರೋದೇ ಎಲೆಗಳ ಮರೆಯಲ್ಲಿ. ಮರೆ ಇದ್ದರೆ ಫೋಟೋ ಬರಲ್ಲ. ಹಾಗಾಗಿ ಅಡ್ಡ ಬರುವ ರೆಂಬೆ ಕಟ್ಟಿಡೋದು, ಕತ್ತರಿಸೋದು, ಬೆಳಕು ಸರಿಯಿಲ್ಲ ಅಂತ ಗೂಡನ್ನೇ ಸ್ವಲ್ಪ ಸರಿಸೋದು ಶುರುವಾಯಿತು. ಎಲೆ ಹೋದ ಗೂಡಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತೆ, ಪುಕ್ಕ ಬರದ ಮರಿ ಅದನ್ನ ತಡೆಯಲ್ಲ. ಕಾಗೆ, ಕೆಂಬೂತಗಳಿಗಂತೂ ಬಾಗಿಲು ತೆರೆದಿಟ್ಟ ಹಾಗೆ. ಫೋಟೋ ಮಾತ್ರ ತುಂಬ ಚೆನ್ನಾಗಿ ಬಂದಿರುತ್ತೆ. ಆಮೇಲೆ ಏನಾಯ್ತು ಅನ್ನೋದು ಫ್ರೇಮಿನೊಳಗೆ ಇರಲ್ಲ.

ಒಮ್ಮೆ ಹಕ್ಕಿಯೇ ತಿರುಗಿಬಿತ್ತು. ಇಂಗ್ಲೆಂಡಿನ ಎರಿಕ್ ಹೊಸ್ಕಿಂಗ್ (1909–1991) ಬಹಳ ದೊಡ್ಡ ಹಕ್ಕಿ ಛಾಯಾಗ್ರಾಹಕ. 1937ರಲ್ಲಿ ವೇಲ್ಸ್‌ನಲ್ಲಿ ರಾತ್ರಿ ಹೊತ್ತು ಟಾನಿ ಗೂಬೆಯ ಗೂಡಿನ ಹತ್ತಿರ ಮರೆಗೂಡಾರಕ್ಕೆ ಹೋಗುತ್ತಿದ್ದಾಗ ಗೂಬೆ ಸದ್ದಿಲ್ಲದೆ ಎರಗಿ ಉಗುರು ಹಾಕಿತು. ಎಡಗಣ್ಣು ಹೋಯಿತು. ಗೂಬೆ ಕಡೆಯಿಂದ ನೋಡಿದರೆ ಅದು ಮರಿಗಳ ರಕ್ಷಣೆ ಅಷ್ಟೇ. ಹೊಸ್ಕಿಂಗ್ ಆಮೇಲೂ ಕ್ಯಾಮೆರಾ ಬಿಡಲಿಲ್ಲ. 1970ರಲ್ಲಿ ಬಂದ ತಮ್ಮ ಆತ್ಮಕತೆಗೆ 'ಆ್ಯನ್ ಐ ಫಾರ್ ಎ ಬರ್ಡ್' ಅಂತ ಹೆಸರಿಟ್ಟರು. ಕಣ್ಣು ಕಳಕೊಂಡವರು ಹೀಗೆ ತಮಾಷೆ ಮಾಡೋದು ಸಣ್ಣ ವಿಷಯ ಅಲ್ಲ.

(5/7)
ನಮ್ಮಲ್ಲಿ? ಬಂದೂಕೇ ಮೊದಲು. ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗಲೂ ಹಕ್ಕಿಗಳನ್ನು ಹೊಡೆದು ಮಾದರಿ ಸಂಗ್ರಹಿಸುವುದೇ ಪದ್ಧತಿ. ಆಗ ಅದೇ ವಿಜ್ಞಾನ. 1949ರಲ್ಲಿ ಇ.ಎಚ್.ಎನ್. ಲೋಥರ್ ಅನ್ನೋ ರೈಲ್ವೆ ಉದ್ಯೋಗಿಯ 'ಎ ಬರ್ಡ್ ಫೋಟೋಗ್ರಾಫರ್ ಇನ್ ಇಂಡಿಯಾ' ಬಂತು. ಅಲ್ಲೂ ಗೂಡು, ಗೂಡಿನ ಪಕ್ಕ ಗೂಡಾರ. ಸಿಂಗಾಪುರದಲ್ಲಿ ಚಿತ್ರಮಂದಿರಗಳ ಒಡೆಯರಾಗಿದ್ದ ಲೋಕ್ ವಾನ್ ಥೋ ಸಲೀಂ ಅಲಿಯವರ ಜೊತೆ ದೇಶ ಸುತ್ತಿ ಫೋಟೋ ತೆಗೆದರು.

ಕರ್ನಾಟಕದಲ್ಲಿ ಬೆಂಗಳೂರಿನ ಓ.ಸಿ. ಎಡ್ವರ್ಡ್ಸ್, ಅವರಿಂದ ಕಲಿತ ಟಿ.ಎನ್.ಎ. ಪೆರುಮಾಳ್ (1932–2017), ಅರ್ಥಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ವನ್ಯಜೀವಿ ಚಿತ್ರಕ್ಕೆ ಹೆಸರಾದವರು. ಮೂಡಿಗೆರೆಯ ನಮ್ಮ ತೇಜಸ್ವಿ ಬಗ್ಗೆ ನಾನು ಹೇಳೋದೇನಿದೆ? 'ಕನ್ನಡ ನಾಡಿನ ಹಕ್ಕಿಗಳು' ಲೈಬ್ರರಿಯಲ್ಲಿ ಇದೆ, ಹೋಗಿ ತಗೊಳ್ಳಿ.

ಇವರ ಕಾಲದ ಕಷ್ಟ ನಮಗೆ ಊಹಿಸೋದೂ ಕಷ್ಟ. ರೋಲಿಗೆ 36 ಚಿತ್ರ. ಬಣ್ಣದ ಸ್ಲೈಡ್ ಫಿಲ್ಮಿನ ವೇಗ 25 ಅಥವಾ 64. ನಿಮ್ಮ ಫೋನು ಸಂಜೆ ಹೊತ್ತು ತಾನಾಗೇ 1600ಕ್ಕೆ ಏರುತ್ತಲ್ಲ, ಅದರ ಜೊತೆ ಹೋಲಿಸಿ ನೋಡಿ. ತೊಳೆಸಿ ಬರೋವರೆಗೆ ಚಿತ್ರ ಬಂತೋ ಇಲ್ವೋ ಗೊತ್ತಿಲ್ಲ. ಅಷ್ಟು ದುಬಾರಿ ಫಿಲ್ಮಿಟ್ಟುಕೊಂಡು ಹಾರೋ ಹಕ್ಕಿಯ ಹಿಂದೆ ಓಡೋರು ಯಾರು? ಗೂಡೇ ಗತಿ.

(6/7)
1985ರಲ್ಲಿ ಮಿನೋಲ್ಟಾ 7000 ಬಂತು. ಫೋಕಸ್ ತಾನಾಗೇ ಆಗೋ ಎಸ್‌ಎಲ್‌ಆರ್. 1999ರಲ್ಲಿ ನಿಕಾನ್ ಡಿ1. ಫಿಲ್ಮ್ ಖರ್ಚೇ ಇಲ್ಲ. ಉದ್ದ ಲೆನ್ಸು ಹವ್ಯಾಸಿಗಳ ಕೈಗೂ ಬಂತು. ಅಲ್ಲಿಗೆ ಗೂಡಿನ ಅವಶ್ಯಕತೆ ಮುಗಿಯಿತು. ರೆಂಬೆ ಮೇಲೆ, ಹಾರುವಾಗ, ದಾಸವಾಳಕ್ಕೆ ಸೂರಕ್ಕಿ ಕೊಕ್ಕು ಹಾಕುವಾಗ, ಎಲ್ಲಿ ಬೇಕಾದ್ರೂ ಹಿಡೀಬಹುದು.

ಕಾರಣ ಹೋಯಿತು, ಚಟ ಮಾತ್ರ ಉಳಿಯಿತು. ಈಗ ಅದನ್ನ ಸಾಕ್ತಿರೋದು ನಮ್ಮ ಲೈಕುಗಳು. ಬಾಯಿ ತೆರೆದ ಮೂರು ಮರಿಗಳ ಫೋಟೋಗೆ ಬೀಳುವಷ್ಟು ಲೈಕು ರೆಂಬೆ ಮೇಲಿನ ಹಕ್ಕಿಗೆ ಬೀಳಲ್ಲ. ಕೇರ್ಟನ್ ಕಾಲದಲ್ಲಿ ಒಂದು ಗೂಡಿಗೆ ಇಬ್ಬರು ಹೋಗುತ್ತಿದ್ದರು. ಇವತ್ತು ಲೊಕೇಶನ್ ಹಾಕಿದರೆ ಭಾನುವಾರ ಇಪ್ಪತ್ತು ಜನ.

(7/7)
ಕಾನೂನು ಏನು ಹೇಳುತ್ತೆ? ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಅನ್ನೋ ಪದವನ್ನ ವಿವರಿಸುವಾಗಲೇ ಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡೋದನ್ನೂ ಸೇರಿಸಿದೆ. ಬ್ರಿಟನ್ನಿನ 1981ರ ಕಾಯ್ದೆ ಪ್ರಕಾರ ಕೆಲವು ಅಪರೂಪದ ಹಕ್ಕಿಗಳ ಗೂಡಿನ ಹತ್ತಿರ ಹೋಗಿ ಫೋಟೋ ತೆಗೆಯಲು ಪರವಾನಗಿ ಬೇಕು. ನಮ್ಮ ದೇಶದ ಹಲವು ಫೋಟೋ ಸ್ಪರ್ಧೆಗಳು ಗೂಡಿನ ಚಿತ್ರ ಕಳಿಸಿದರೆ ತಗೊಳ್ಳೋದೇ ಇಲ್ಲ.

ಮನೆ ಹಿತ್ತಲಲ್ಲಿ ಹಕ್ಕಿ ಹತ್ತಿರ ಬರಬೇಕು ಅಂದ್ರೆ ಅಗಲವಾದ ಮಣ್ಣಿನ ಬೋಗುಣಿಯಲ್ಲಿ ಎರಡು ಬೆರಳು ನೀರು ಇಡಿ, ಪಕ್ಕದಲ್ಲೊಂದು ಒಣ ರೆಂಬೆ ನೆಡಿ. ದಿನಾ ನೀರು ಬದಲಾಯಿಸಿ. ಕೆಲವು ದಿನ ಕಾದು, ಬೆಳಗ್ಗೆ ಕಿಟಕಿ ಹಿಂದೆ ಕೂತರೆ ಪಿಕಳಾರ ಮೊದಲು ರೆಂಬೆ ಮೇಲೆ ಕೂತು ನೋಡುತ್ತೆ, ಆಮೇಲೆ ಇಳಿಯುತ್ತೆ. ಆ ನೋಡೋ ಎರಡು ಸೆಕೆಂಡೇ ನಿಮ್ಮ ಫೋಟೋ. ಗೂಡು ಕಣ್ಣಿಗೆ ಬಿದ್ದರೆ ನಿಲ್ಲದೆ ಮುಂದೆ ಹೋಗಿ, ಯಾರಿಗೂ ಲೊಕೇಶನ್ ಕಳಿಸಬೇಡಿ.

ಮುಂದಿನ ವಾರ: ಇದೇ ಚೆರ್ರಿ ಕೇರ್ಟನ್ 1900ರಲ್ಲಿ ಮೇಣದ ಸಿಲಿಂಡರಿನಲ್ಲಿ ಕಾಡುಹಕ್ಕಿಯ ಹಾಡು ಹಿಡಿದ ಕಥೆ.

#ಹಿತ್ತಲಹಕ್ಕಿ #ಪಿಕಳಾರ #ಗೂಡಿನಫೋಟೋಬೇಡ